ಗೋಡೆಯಾಚೆ ಕೇಳುತ್ತಿದ್ದ ಆ ಸದ್ದು

ಪುಟ್ಟೀ,

ನೀನು ಹಾಸ್ಟೆಲ್ಲಿಗೆ ಹೋಗಿ ಇವತ್ತಿಗೆ ಹದಿನೇಳು ದಿನ. ಈ ಹದಿನೇಳು ದಿನದಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಫೋನಿನಲ್ಲಿ ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಅಲ್ಲಿಂದಲೇ ಕಲಿಸಿಕೊಡಲು ಶುರುಮಾಡುತ್ತಿದ್ದೆ. ಮೊದಲು ನಾನೇ ಒಂದಷ್ಟು ತಡಕಾಡಿ ನೋಡಬೇಕಿತ್ತು. ನೀನು ಬಿಟ್ಟುಹೋದ, ಕಡ್ಡಿಯೂ ಗುಂಡಿಗಳೂ ಇರುವ ಆ ಆರ್ಕೇಡ್ ಸ್ಟಿಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್ ಎಂಬ ನಿನ್ನ ಹೊಡೆದಾಟದ ವಿಡಿಯೋ ಗೇಮ್ ಆಡಿದೆ. ಒಂದು ದಿನ ಅಲ್ಲ, ಹೆಚ್ಚುಕಡಿಮೆ ದಿನಾ.

ಯಾಕೆ ಅಂತ ಕೇಳುತ್ತೀಯ. ನಿನ್ನ ಕೋಣೆಗೂ ನನ್ನ ಮಂಚಕ್ಕೂ ನಡುವೆ ಇರುವುದು ಒಂದೇ ಗೋಡೆ. ಎಷ್ಟೋ ರಾತ್ರಿ ಆ ಗೋಡೆಯಿಂದ ಒಂದೇ ಸದ್ದು ಬರುತ್ತಿತ್ತು. ಗುಂಡಿಯ ಮೇಲೆ ಒಂದು ಗಟ್ಟಿ ಏಟು, ಅರೆಕ್ಷಣ ಮೌನ, ಆಮೇಲೆ ಟಕ ಟಕ ಟಕ ಟಕ್. ಮತ್ತೆ ಮೊದಲಿಂದ. ಸಾಕು, ಮಲಗು ಅಂತ ನಾನು ಈಚೆಯಿಂದ ಗೋಡೆ ಬಡಿದಿದ್ದೇನೆ. ಅದು ಏನು, ಯಾಕೆ ಅದನ್ನೇ ಮಾಡುತ್ತೀಯ ಅಂತ ಒಂದು ಸಲವೂ ಕೇಳಲಿಲ್ಲ. ನೀನು ಹೋದ ಮೇಲೆ ಗೋಡೆ ಸುಮ್ಮನಾಯಿತು. ಆಗ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೊದಲ ಸಂಜೆ ಇಬ್ಬರು ಹೋರಾಟಗಾರರ ಜೋಡಿ ಆರಿಸುವ ಪರದೆಯ ಮುಂದೆ ತುಂಬ ಹೊತ್ತು ಕೂತೆ. ಸ್ಟಾರ್ಮ್‌ಳನ್ನು ಆರಿಸಿದೆ, ಬಿಳಿ ಕೂದಲು, ಗಾಳಿ ಮಿಂಚು ಎಲ್ಲ ಅವಳ ಕೈಯಲ್ಲಿ. ಜೊತೆಗೆ ಚುನ್-ಲಿ. ಇಬ್ಬರೂ ಬೇರೆ ಬೇರೆ ಲೋಕದವರು. ಒಬ್ಬಳು ಅಮೆರಿಕದ ಕಾಮಿಕ್ಸ್ ಪುಟದಿಂದ ಬಂದವಳು, ಇನ್ನೊಬ್ಬಳು ಜಪಾನಿನ ಕ್ಯಾಪ್ಕಾಮ್ ಮಾಡಿದ ಆಟದಿಂದ. ಈ ಆಟ ಬಂದದ್ದು 1996ರಲ್ಲಂತೆ, ನೀನು ಹುಟ್ಟುವುದಕ್ಕೂ ಎಷ್ಟೋ ಮೊದಲು. ಅದಕ್ಕೂ ಎರಡು ವರ್ಷ ಮುಂಚೆ ಅದೇ ಕಂಪನಿ ಮಾಡಿದ ಎಕ್ಸ್-ಮೆನ್ ಆಟದೊಳಗೆ ಸ್ಟ್ರೀಟ್ ಫೈಟರ್‌ನ ಅಕುಮಾನನ್ನು ಗುಟ್ಟಾಗಿ ಅಡಗಿಸಿಟ್ಟಿದ್ದರು ಅಂತ ಓದಿದೆ. ಒಬ್ಬನೇ ಒಬ್ಬ ಅತಿಥಿ. ಅವನು ಒಳಗೆ ಬಂದ, ಬಾಗಿಲು ಪೂರ್ತಿ ತೆರೆಯಿತು.

ಮೊದಲ ಪಂದ್ಯ ಸೋತೆ. ಎರಡನೆಯದೂ ಸೋತೆ. ಆರು ಗುಂಡಿಗಳು, ಮೂರು ಗುದ್ದಿಗೆ, ಮೂರು ಒದೆತಕ್ಕೆ. ನಾನು ಬರೀ ಕೊನೆಯ ಸಾಲಿನ ಜೋರು ಗುಂಡಿಗಳನ್ನೇ ಒತ್ತುತ್ತಿದ್ದೆ. ಜೋರಾಗಿ ಹೊಡೆಯುವುದೇ ಸರಿಯಲ್ಲವೇ ಅಂದುಕೊಂಡೆ. ಆದರೆ ಜೋರು ಏಟು ನಿಧಾನ. ಅದು ಹೊರಟು ತಲುಪುವಷ್ಟರಲ್ಲಿ ಎದುರಿನವನ ಸಣ್ಣ ಏಟು ನನಗೆ ಬಿದ್ದಿರುತ್ತಿತ್ತು. ಹಗುರ ಏಟು ಬೇಗ ಹೋಗುತ್ತದೆ, ನೋವು ಕಡಿಮೆ ಕೊಡುತ್ತದೆ. ನಡುವಿನದು ನಡುವೆ. ಈ ಆರು ಗುಂಡಿಗಳ ಲೆಕ್ಕವೇ 1991ರ ಸ್ಟ್ರೀಟ್ ಫೈಟರ್ ಎರಡರಲ್ಲೂ ಇತ್ತು. ಇಷ್ಟು ವರ್ಷ ಅದು ಯಾಕೆ ಉಳಿದುಕೊಂಡಿದೆ ಅಂತ ಮೂರನೇ ಪಂದ್ಯದ ಹೊತ್ತಿಗೆ ನನ್ನ ಬೆರಳಿಗೇ ಗೊತ್ತಾಯಿತು.

ಆದರೆ ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಹೊಡೆಯುವುದಲ್ಲ, ತಡೆಯುವುದು. ಬ್ಲಾಕ್ ಮಾಡಲು ಬೇರೆ ಗುಂಡಿ ಹುಡುಕುತ್ತಿದ್ದೆ. ಅದಕ್ಕೆ ಗುಂಡಿಯೇ ಇಲ್ಲ! ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಹಿಡಿದರೆ ಆಯಿತು, ಅಷ್ಟೇ. ಎದುರಿನವನಿಂದ ದೂರ ಸರಿಯುವ ಚಲನೆಯೇ ರಕ್ಷಣೆ. ಕಾಲಿಗೆ ಬರುವ ಏಟಾದರೆ ಕೂತು ತಡೆಯಬೇಕು, ಮೇಲಿಂದ ಹಾರಿ ಬರುವುದಾದರೆ ನಿಂತೇ ತಡೆಯಬೇಕು. ಇನ್ನೂ ಒಂದು ಮಾತಿದೆ, ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ದಿನ ಹಿಡಿಯಿತು. ಎದುರಿನವನು ನನ್ನ ತಲೆಯ ಮೇಲಿಂದ ಹಾರಿ ಆಚೆ ಬದಿಗೆ ಬಿದ್ದರೆ, ಇಷ್ಟು ಹೊತ್ತು ಹಿಂದೆ ಆಗಿದ್ದದ್ದು ಈಗ ಮುಂದೆ. ಎಡಕ್ಕೆ ಎಳೆದು ಹಿಡಿದು ಕ್ಷೇಮವಾಗಿದ್ದ ನನ್ನ ಕೈ, ಅದೇ ಎಡಕ್ಕೆ ಎಳೆಯುತ್ತಲೇ ಅವನ ಏಟಿನೊಳಕ್ಕೆ ನಡೆದುಕೊಂಡು ಹೋಗುತ್ತಿತ್ತು. ಎಡ ಬಲ ಅಂತ ಯೋಚಿಸುವುದನ್ನು ಬಿಟ್ಟು ಅವನೆಲ್ಲಿದ್ದಾನೆ ಅಂತ ನೋಡಲು ಕಲಿತ ಮೇಲೆಯೇ ನಾನು ಮೊದಲ ಸಲ ಒಂದು ಪಂದ್ಯದಲ್ಲಿ ಅರ್ಧ ದಾಟಿದ್ದು.

ಆಮೇಲೆ ಆ ವಿಶೇಷ ಏಟುಗಳು. ಸ್ಟಿಕ್ಕನ್ನು ಕೆಳಗೆ, ಕೆಳಗಿನ ಮೂಲೆಗೆ, ಮುಂದಕ್ಕೆ ಹೊರಳಿಸಿ ಗುದ್ದಿನ ಗುಂಡಿ ಒತ್ತಬೇಕು. ಇದೇ ಕಾಲು ಸುತ್ತಿಗೆ, ಅಂದರೆ ಸುತ್ತಿನ ನಾಲ್ಕನೇ ಒಂದು ಭಾಗಕ್ಕೆ, ಸ್ಟ್ರೀಟ್ ಫೈಟರ್ ಕಡೆಯ ರ್ಯೂ ಹಡೋಕೆನ್ ಎಂಬ ಶಕ್ತಿಯ ಉಂಡೆ ಎಸೆಯುತ್ತಾನೆ, ಸ್ಟಾರ್ಮ್ ಸುಳಿಗಾಳಿ ಬಿಡುತ್ತಾಳೆ. ಒಬ್ಬರಿಗಾಗಿ ಕಲಿತದ್ದು ಇನ್ನೊಬ್ಬರ ಕೈಯಲ್ಲೂ ನಡೆಯುತ್ತದೆ ಎಂಬುದು ನನಗೆ ತುಂಬ ಹಿಡಿಸಿತು. ಇದೆಲ್ಲ ಬೇಡ ಅನ್ನುವವರಿಗೆ ಒಂದೇ ಗುಂಡಿಯಲ್ಲಿ ವಿಶೇಷ ಏಟು ಬರುವಂತೆ ಮಾಡಿಕೊಳ್ಳುವ ಸೌಲಭ್ಯ ಹಳೆಯ ಆಟಗಳನ್ನು ಒಟ್ಟುಗೂಡಿಸಿದ ನಿನ್ನ ಈ ಸಂಗ್ರಹದಲ್ಲೇ ಇದೆ. ಅದು ಒಳ್ಳೆಯದೇ, ಬೆರಳು ನೋಯುವವರಿಗೆ ಬೇಕೇಬೇಕು. ನಾನು ಮಾತ್ರ ಅದನ್ನು ಆರಿಸಲಿಲ್ಲ. ನಿನ್ನ ಕೈ ಏನು ಮಾಡುತ್ತಿತ್ತೋ ಅದನ್ನೇ ನನ್ನ ಕೈಯಿಂದ ಮಾಡಿ ನೋಡಬೇಕಿತ್ತು.

ಟ್ರೇನಿಂಗ್ ಮೋಡ್‌ಗೆ ಹೋಗಿ ಕೂತೆ. ಅಲ್ಲಿ ಗಡಿಯಾರ ಓಡುವುದಿಲ್ಲ, ಎದುರಿನವನು ಸುಮ್ಮನೆ ನಿಂತಿರುತ್ತಾನೆ. ನಾನು ಒತ್ತಿದ್ದೆಲ್ಲ ಪರದೆಯ ಅಂಚಿನಲ್ಲಿ ಬಾಣದ ಗುರುತುಗಳಾಗಿ ಮೂಡುತ್ತದೆ. ಕಾಲು ಸುತ್ತು ಬರಲಿಲ್ಲ ಅಂದಾಗ ಅಲ್ಲಿ ನೋಡಿದರೆ ಕಾರಣ ಕಾಣುತ್ತಿತ್ತು. ನಡುವಿನ ಮೂಲೆಯ ಬಾಣವೇ ಇರುತ್ತಿರಲಿಲ್ಲ. ನನ್ನ ಕೈ ಆ ಮೂಲೆಯನ್ನು ಹಾರಿಕೊಂಡು ಹೋಗುತ್ತಿತ್ತು. ನಿಧಾನ ಮಾಡಿದೆ. ಬಂತು. ಒಂದು ಕಡೆಯಿಂದ ಬಂದದ್ದು ಆಚೆ ಕಡೆಗೆ ತಿರುಗಿದ ಕೂಡಲೇ ಮತ್ತೆ ಬರಲಿಲ್ಲ. ಇನ್ನೆರಡು ಸಂಜೆ ಅದಕ್ಕೇ ಹೋಯಿತು.

ಆಮೇಲೆ ಎದುರಿನವರನ್ನು ಮೇಲಕ್ಕೆ ಎಸೆಯುವ ಏಟು ಸಿಕ್ಕಿತು. ನೀವೆಲ್ಲ ಲಾಂಚರ್ ಅನ್ನುವುದು ಅದಕ್ಕೇ ಅಲ್ಲವೇ? ಅದು ತಗುಲಿದರೆ ಅವರು ಪರದೆಯಾಚೆಗೆ ಚಿಮ್ಮುತ್ತಾರೆ. ತಕ್ಷಣ ಸ್ಟಿಕ್ಕನ್ನು ಮೇಲಕ್ಕೆ ದೂಡಿದರೆ ನಾವೂ ಹಿಂದೆಯೇ ಹಾರುತ್ತೇವೆ, ಗಾಳಿಯಲ್ಲೇ ಹಿಡಿಯುತ್ತೇವೆ, ಹಗುರ ಏಟಿನಿಂದ ಜೋರು ಏಟಿನ ತನಕ ಒಂದರ ಹಿಂದೆ ಒಂದು ಪೋಣಿಸುತ್ತಾ ಹೋಗಬೇಕು. ನಾನು ಎಷ್ಟು ಸಲ ತಪ್ಪಿಸಿದೆನೋ ಲೆಕ್ಕ ಇಟ್ಟಿಲ್ಲ. ಒಮ್ಮೆ ಬೇಗ ಹಾರಿದೆ, ಒಮ್ಮೆ ತಡವಾಯಿತು. ಕೊನೆಗೊಂದು ಸಲ ಎಲ್ಲ ಸರಿಯಾಗಿ ಬಿತ್ತು. ಗಟ್ಟಿಯಾಗಿ ಒಂದು ಏಟು. ಹಾರುವಷ್ಟು ಹೊತ್ತು ಮೌನ. ಟಕ ಟಕ ಟಕ ಟಕ್.

ನನ್ನ ಕೈ ಅಲ್ಲೇ ನಿಂತುಬಿಟ್ಟಿತು, ಪುಟ್ಟೀ. ಆ ಸದ್ದು ನನ್ನ ಬೆರಳಿನಿಂದ ಬಂದಿತ್ತು. ಆ ಅರೆಕ್ಷಣದ ಮೌನದಲ್ಲಿ ನೀನು ಗಾಳಿಯಲ್ಲಿರುತ್ತಿದ್ದೆ ಎಂಬುದು ನನಗೆ ಅಷ್ಟು ದಿನ ತಿಳಿದಿರಲಿಲ್ಲ. ನಾನು ಗೋಡೆ ಬಡಿದ ರಾತ್ರಿಗಳಲ್ಲಿ ಎಷ್ಟು ಸಲ ನಿನ್ನನ್ನು ಗಾಳಿಯಲ್ಲಿರುವಾಗಲೇ ಕೆಳಗಿಳಿಸಿದೆನೋ. ಕ್ಷಮಿಸು.

ಹೀಗೆ ಏಟುಗಳನ್ನು ಪೋಣಿಸುವ ಈ ಕಾಂಬೊ ಎನ್ನುವುದೇ ಯಾರೂ ಯೋಜಿಸಿ ಮಾಡಿದ್ದಲ್ಲವಂತೆ. ಸ್ಟ್ರೀಟ್ ಫೈಟರ್ ಎರಡನ್ನು ಮಾಡುವಾಗ, ಒಂದು ಏಟು ಮುಗಿಯುವ ಮೊದಲೇ ಇನ್ನೊಂದನ್ನು ಸೇರಿಸಬಹುದು ಎಂಬುದು ತಪ್ಪು ಹುಡುಕುತ್ತಿದ್ದಾಗ ಮಾಡಿದವರ ಕಣ್ಣಿಗೇ ಬಿತ್ತು. ಇಷ್ಟು ಕಷ್ಟದ್ದನ್ನು ಯಾರು ಮಾಡಿಯಾರು ಅಂತ ಅದನ್ನು ಹಾಗೇ ಬಿಟ್ಟರು. ನಿನ್ನಂಥವರು ಮಾಡಿದರು. ನನಗೆ ಅದನ್ನು ಓದಿದಾಗ ಹೆಮ್ಮೆ ಆಯಿತು.

ಇನ್ನು ಜೋಡಿಯ ವಿಷಯ, ನಾನು ಈ ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ. ಜೋರು ಗುದ್ದು, ಜೋರು ಒದೆತ ಎರಡನ್ನೂ ಒಟ್ಟಿಗೆ ಒತ್ತಿದರೆ ಹೊರಗಿದ್ದವಳು ಹಾರಿಕೊಂಡು ಒಳಬರುತ್ತಾಳೆ, ಒಳಗಿದ್ದವಳು ಹೋಗುತ್ತಾಳೆ. ಹೋದವಳಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ತೋರಿಸುವ ಲೈಫ್ ಬಾರ್‌ನಲ್ಲಿ ಕಳೆದದ್ದರ ಒಂದು ಭಾಗ ಕೆಂಪಾಗಿ ಉಳಿದಿರುತ್ತದೆ. ಅವಳು ಹೊರಗಿದ್ದಷ್ಟು ಹೊತ್ತು ಆ ಕೆಂಪು ಮೆಲ್ಲಗೆ ತುಂಬಿಕೊಳ್ಳುತ್ತದೆ. ಶುರುವಿನಲ್ಲಿ ನಾನು ಸ್ಟಾರ್ಮ್ ಬೀಳುವ ತನಕ ಅವಳನ್ನೇ ನಿಲ್ಲಿಸುತ್ತಿದ್ದೆ, ಕರೆಸಿಕೊಳ್ಳಬೇಕೆಂದು ಹೊಳೆಯುತ್ತಲೇ ಇರಲಿಲ್ಲ. ಈಗ ಒಂದು ಕಣ್ಣು ಯಾವಾಗಲೂ ಆ ಕೆಂಪಿನ ಮೇಲೆ. ಹಾಗಂತ ಸುಮ್ಮನೆ ಬದಲಿಸಲೂ ಆಗದು. ಬರುವವಳ ಜಿಗಿತವನ್ನು ಎದುರಿನವನು ತಡೆದನೋ, ಅವಳಿಗೆ ಪೆಟ್ಟು ಬೀಳುವ ಅಪಾಯ. ದಣಿದವಳನ್ನು ಹೊರಗೆ ಕಳಿಸಲು ಮೊದಲು ಒಂದು ಸುರಕ್ಷಿತ ಗಳಿಗೆಯನ್ನು ನಾವೇ ಮಾಡಿಕೊಳ್ಳಬೇಕು.

ಈ ಆಟದ ಹಳೆಯ ಕಥೆಗಳಲ್ಲಿ ಒಂದು ನನ್ನ ಮನಸ್ಸಿನಲ್ಲೇ ಕೂತಿದೆ. ನಾಣ್ಯ ಹಾಕಿ ಆಡುವ ಆರ್ಕೇಡಿನಲ್ಲಿ ಇಬ್ಬರೂ ಹೀಗೆ ಬಂದು ಹೋಗುತ್ತಿದ್ದರು. ಅದನ್ನು ಮನೆಯ ಯಂತ್ರಗಳಿಗೆ ತರುವಾಗ ತೊಂದರೆ ಆಯಿತು. ಒಂದೊಂದು ಪಾತ್ರದ ಒಂದೊಂದು ಚಲನೆಯೂ ಬಿಡಿ ಬಿಡಿ ಚಿತ್ರ. ಎರಡೂ ಕಡೆಯ ನಾಲ್ಕು ಜನರ ಚಿತ್ರಗಳನ್ನೂ ಒಟ್ಟಿಗೆ ಮೆಮೊರಿಯಲ್ಲಿ ಇಟ್ಟುಕೊಂಡಿದ್ದರೆ ಮಾತ್ರ ಯಾರನ್ನು ಬೇಕಾದರೂ ತಕ್ಷಣ ಕರೆಯಬಹುದು. ಸೆಗಾ ಸ್ಯಾಟರ್ನ್‌ಗೆ 4 ಮೆಗಾಬೈಟ್‌ನ ಒಂದು ಕಾರ್ಟ್ರಿಜ್ ಸಿಕ್ಕಿಸಿ ಆ ಜಾಗ ಮಾಡಿಕೊಟ್ಟರು. ಮೊದಲ ಪ್ಲೇಸ್ಟೇಷನ್‌ನಲ್ಲಿ ಇದ್ದದ್ದು 2 ಮೆಗಾಬೈಟ್. ಅಲ್ಲಿ ಜೊತೆಗಾರರಿಗೆ ನಡುವೆ ಬಂದು ನಿಲ್ಲಲು ಜಾಗ ಸಾಲಲಿಲ್ಲ. ಕ್ಷಣಮಾತ್ರ ಬಂದು ಒಂದು ಏಟು ಹಾಕಿ ಮರೆಯಾಗುತ್ತಿದ್ದರು. ಆ ಕಾಲದಲ್ಲಿ ಅದನ್ನು ಆಡಿದ ಮಕ್ಕಳನ್ನು ನೆನೆಸಿಕೊಂಡೆ. ಜೋಡಿಯನ್ನು ಆರಿಸಿಕೊಂಡೂ ಒಬ್ಬರೇ ಹೋರಾಡಬೇಕಿತ್ತು.

ಸ್ಟ್ರೀಟ್ ಫೈಟರ್‌ನ ಖಳ ಬೈಸನ್ ಎದುರು ಬಂದ ದಿನ ನಾನು ಬೇಕೆಂದೇ ಚುನ್-ಲಿಯನ್ನು ಒಳಗೆ ಕರೆದೆ. ಅವಳ ಅಪ್ಪನ ಸಾವಿಗೆ ಕಾರಣ ಅವನೇ ಅಂತ ನೀನು ಯಾವತ್ತೋ ಊಟದ ಹೊತ್ತಿನಲ್ಲಿ ಹೇಳಿದ್ದೆ, ನಾನು ಅರ್ಧ ಕಿವಿಯಲ್ಲಿ ಕೇಳಿದ್ದೆ. 1991ರ ಆಟದಲ್ಲಿ ಆರಿಸಿಕೊಳ್ಳಬಹುದಾಗಿದ್ದ ಎಂಟು ಜನರಲ್ಲಿ ಅವಳೊಬ್ಬಳೇ ಹೆಂಗಸು ಅಂತಲೂ ಹೇಳಿದ್ದೆ. ಒದೆತದ ಗುಂಡಿಯನ್ನು ಬಿಡದೆ ಬಡಿದರೆ ಅವಳ ಕಾಲು ಕಣ್ಣಿಗೆ ಕಾಣದಷ್ಟು ವೇಗವಾಗಿ ಆಡುತ್ತದಲ್ಲ, ಕೊನೆಗೆ ಅವನು ಬಿದ್ದದ್ದು ಆ ಒದೆತಕ್ಕೇ. ನಾನು ಒಬ್ಬಳೇ ಕೂತು ಜೋರಾಗಿ ಕೂಗಿದೆ. ಹೊಡೆದಾಟದ ಆಟ ಅಂತ ನಾನು ಮೂಗು ಮುರಿಯುತ್ತಿದ್ದೆನಲ್ಲ, ಆ ಮಾತನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಡೆದಾಟವೇ ಹೌದು. ಆದರೆ ಅದರೊಳಗೆ ಇಷ್ಟು ಕಾಯುವುದು, ಇಷ್ಟು ಗಮನಿಸುವುದು ಇದೆ ಅಂತ ಹೊರಗಿನಿಂದ ನೋಡಿದವರಿಗೆ ಕಾಣದು.

ನಿನ್ನೆ ರಾತ್ರಿ ದೊಡ್ಡ ಖಳ ಅಪೋಕ್ಯಾಲಿಪ್ಸ್ ತನಕ ಹೋದೆ. ಎಷ್ಟು ದೊಡ್ಡವನು ಅವನು! ಪರದೆಯನ್ನೇ ತುಂಬಿಕೊಂಡು ನಿಲ್ಲುತ್ತಾನೆ. ಕಂಟಿನ್ಯೂ ಎಷ್ಟು ಸಲ ಒತ್ತಿದೆನೋ, ಅಂತೂ ಬಿದ್ದ. ಮುಗಿಯಿತು ಅಂತ ಸ್ಟಿಕ್ ಕೆಳಗಿಡುವಷ್ಟರಲ್ಲಿ ಇನ್ನೊಂದು ಪಂದ್ಯ ಬಂತು. ಎದುರಿಗೆ ನಿಂತದ್ದು ನನ್ನದೇ ಜೊತೆಗಾತಿ. ಇಷ್ಟು ದಿನ ಒಬ್ಬಳು ದಣಿದಾಗ ಇನ್ನೊಬ್ಬಳನ್ನು ಕರೆದು, ಒಬ್ಬಳ ಕೆಂಪು ತುಂಬುವ ತನಕ ಇನ್ನೊಬ್ಬಳು ತಡೆದು ನಿಂತು, ಈಗ ಅವರಿಬ್ಬರೇ ಎದುರುಬದುರು. ನೀನು ಇದನ್ನು ನನಗೆ ಯಾಕೆ ಮೊದಲೇ ಹೇಳಲಿಲ್ಲ?

ಆಡಲು ಮನಸ್ಸು ಬರಲಿಲ್ಲ. ಅಲ್ಲಿಗೇ ನಿಲ್ಲಿಸಿ ಸೇವ್ ಮಾಡಿದ್ದೇನೆ. ರಜೆಗೆ ಬಂದಾಗ ಅದನ್ನು ಅಳಿಸಬೇಡ, ಇನ್ನೊಂದು ಆಟವನ್ನು ಅದರ ಮೇಲೆ ಸೇವ್ ಮಾಡಬೇಡ. ಮೊದಲ ಸಲ ಇಲ್ಲಿಗೆ ಬಂದಾಗ ನೀನು ಯಾರನ್ನು ಯಾರ ಎದುರಿಗೆ ನಿಲ್ಲಿಸಿದ್ದೆ, ಆ ಪಂದ್ಯವನ್ನು ಹೇಗೆ ಆಡಿದೆ, ಅದನ್ನು ಮಾತ್ರ ಬರೆದು ಕಳಿಸು. ಫೋನಿನಲ್ಲಿ ಹೇಳಬೇಡ, ಓದಬೇಕು ಅನ್ನಿಸುತ್ತಿದೆ. ಇನ್ನೊಂದು, ಬಲಕ್ಕೆ ನಿಂತಾಗ ಆ ಕಾಲು ಸುತ್ತು ನನಗೆ ಇನ್ನೂ ಹತ್ತರಲ್ಲಿ ಆರು ಸಲವೇ ಬರುತ್ತಿರುವುದು. ನೀನು ಸ್ಟಿಕ್ಕಿನ ಗುಂಡನ್ನು ಮೇಲಿನಿಂದ ಹಿಡಿಯುತ್ತಿದ್ದೆಯೋ, ಬೆರಳುಗಳ ನಡುವೆ ಕಡ್ಡಿ ಬರುವಂತೆ ಕೆಳಗಿನಿಂದ ಹಿಡಿಯುತ್ತಿದ್ದೆಯೋ? ಒಂದು ಚಿತ್ರ ಬರೆದು ಕಳಿಸಿದರೂ ಸಾಕು.

ನಿನ್ನ
ಅಮ್ಮ