ಸಚಿವರೇ, ಕ್ರಷರ್ ಕೆಲಸಗಾರರಿಗೂ ಪೆಟ್ ಸ್ಕ್ಯಾನ್ ಮಾಡಿಸಿ

ಚಿಕ್ಕಬಳ್ಳಾಪುರ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಮ್ಮಪ್ಪ 22 ವರ್ಷ ಜಲ್ಲಿ ಕ್ರಷರ್‌ನಲ್ಲಿ ದುಡಿದವರು. ಈಗ ಅವರಿಗೆ ಮಲಗಲು ಆಗಲ್ಲ. ಗೋಡೆಗೆ ಎರಡು ದಿಂಬು ಒರಗಿಸಿ, ಕೂತೇ ರಾತ್ರಿ ಕಳೆಯುತ್ತಾರೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ಕೂರುತ್ತಾರೆ. ಕಾಯಿಲೆ ಸಿಲಿಕೋಸಿಸ್, ಕಲ್ಲಿನ ಧೂಳು ಶ್ವಾಸಕೋಶ ಸೇರಿ ಬರುವಂಥದ್ದು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. ನಿಮಗೆ ಗೊತ್ತಿರುತ್ತೆ ಅಲ್ವಾ?

ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಗಾಯದ ಕಲೆ ಕಾಣುತ್ತೆ. ಅದು ಆರಿದ ಬೂದಿಯೋ, ಬೂದಿ ಮುಚ್ಚಿದ ಕೆಂಡವೋ ಅಂತ ಅದೊಂದರಿಂದಲೇ ಹೇಳುವುದು ಕಷ್ಟವಂತೆ. ಅದಕ್ಕೇ ಡಾಕ್ಟರ್ ಪೆಟ್ ಸ್ಕ್ಯಾನ್ ಬರೆದುಕೊಟ್ಟರು. ಸ್ವಲ್ಪ ವಿಕಿರಣ ಇರುವ, ಸಕ್ಕರೆಯಂಥ ಔಷಧಿಯನ್ನು ರಕ್ತಕ್ಕೆ ಬಿಡುತ್ತಾರೆ. ಉರಿಯೂತ ಇರುವ ಕಡೆ ಜೀವಕೋಶಗಳು ಅದನ್ನು ಜಾಸ್ತಿ ಎಳೆದುಕೊಳ್ಳುತ್ತವೆ, ಆ ಜಾಗ ಹೊಳೆಯುತ್ತೆ. ಕಲೆ ಕಟ್ಟುವ ಜೀವಕೋಶಗಳನ್ನೇ ತೋರಿಸುವ ಫಾಪಿ ಅನ್ನುವ ಔಷಧಿಯ ಮೇಲೂ ಸಂಶೋಧನೆ ನಡೆಯುತ್ತಿದೆ. ಕಟ್ಟಿದ ಕಲೆ ಮತ್ತೆ ಹೋಗಲ್ಲ. ಬೆಳೆಯುತ್ತಿರುವಾಗಲೇ ಗೊತ್ತಾಗಬೇಕು.

ಸ್ಕ್ಯಾನ್‌ಗೆ ಹೊಟ್ಟೆ ಖಾಲಿ ಇರಬೇಕು. ಅಪ್ಪ ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಮೊದಲ ಬಸ್ಸಿಗೇ ಬೆಂಗಳೂರಿಗೆ ಹೋದೆವು. ಆಸ್ಪತ್ರೆಯ ಕೌಂಟರ್ ಮುಂದೆ ಮಧ್ಯಾಹ್ನ 12ರವರೆಗೆ ನಿಲ್ಲಿಸಿಕೊಂಡು, ಆಮೇಲೆ ಹೇಳಿದರು: "ಕ್ಯಾನ್ಸರ್ ಇದ್ರೆ ಉಚಿತ. ಧೂಳಿನ ಕಾಯಿಲೆಗೆಲ್ಲಾ ಇಲ್ಲ." ಅಪ್ಪ ಮೆಟ್ಟಿಲ ಮೇಲೆ ಕುಸಿದು ಕೂತರು. ಚಿತ್ರಾನ್ನದ ಡಬ್ಬಿ ತೆರೆದುಕೊಟ್ಟೆ. ಒಂದು ತುತ್ತೂ ಮುಟ್ಟಲಿಲ್ಲ. "ಕ್ಯಾನ್ಸರ್ರೇ ಬಂದಿದ್ರೆ ಚೆನ್ನಾಗಿತ್ತೇನಮ್ಮಾ?" ಅಂದರು.

ಸಚಿವರೇ, ಆ ಮಾತಿಗೆ ನಾನು ಏನು ಹೇಳಲಿ? ಕ್ಯಾನ್ಸರ್ ಗಂಟಿನ ಹಾಗೆ ಉರಿಯೂತ ಇರುವ ಸಿಲಿಕೋಸಿಸ್ ಗಂಟೂ ಆ ಯಂತ್ರದಲ್ಲಿ ಹೊಳೆಯುತ್ತೆ. ಯಂತ್ರಕ್ಕೆ ಕಾಣುವುದು ನಿಮ್ಮ ಕೌಂಟರಿಗೆ ಯಾಕೆ ಕಾಣಲ್ಲ?

ಈ ಸ್ಕ್ಯಾನ್ ನಮ್ಮ ಜಿಲ್ಲೆಯಲ್ಲೇ ಆಗಬೇಕು. ಔಷಧಿ ಬೇಗ ಇಳಿದುಹೋಗುತ್ತೆ, ದೂರ ಸಾಗಿಸೋಕೆ ಆಗಲ್ಲ ಅಂತ ಯಾರಾದರೂ ನಿಮಗೆ ಹೇಳಬಹುದು. ಅದರ ಶಕ್ತಿ ಅರ್ಧಕ್ಕೆ ಇಳಿಯಲು ಸುಮಾರು 110 ನಿಮಿಷ ಬೇಕು. ಬೆಂಗಳೂರು ಇಲ್ಲಿಗೆ ಹೆಚ್ಚುಕಮ್ಮಿ 60 ಕಿಲೋಮೀಟರ್. ನಮ್ಮ ಬೆಟ್ಟ ಒಡೆದ ಜಲ್ಲಿ ದಿನಾ ಅದೇ ರಸ್ತೆಯಲ್ಲಿ ಅಲ್ಲಿಗೆ ಹೋಗುತ್ತೆ. ಔಷಧಿ ಈ ಕಡೆ ಬರಲಿ. ಅದು ಆಗುವವರೆಗೆ ಡಾಕ್ಟರ್ ಬರೆದುಕೊಟ್ಟ ಕ್ರಷರ್ ಕೆಲಸಗಾರರಿಗೆಲ್ಲಾ ಬೆಂಗಳೂರಲ್ಲಿ ಉಚಿತವಾಗಿ ಸ್ಕ್ಯಾನ್ ಮಾಡಿಸಿ. ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. ದಯವಿಟ್ಟು ಆದೇಶ ಮಾಡಿ.

ಅಪ್ಪನ ಜೊತೆ ದುಡಿದ ಐದು ಜನ ನಮ್ಮ ಬೀದಿಯಲ್ಲೇ ಕೆಮ್ಮುತ್ತಿದ್ದಾರೆ. ಅವರಲ್ಲಿ ಒಬ್ಬನಿಗೆ ಇನ್ನೂ 32 ವರ್ಷ. ಅಪ್ಪನದು ತಡವಾಯಿತು. ಅವನಿಗಾದರೂ ಈ ತಿಂಗಳೇ ಸ್ಕ್ಯಾನ್ ಮಾಡಿಸಿ.

ಇಂತಿ,
ಕ್ರಷರ್ ಕೆಲಸಗಾರರೊಬ್ಬರ ಮಗಳು
ಚಿಕ್ಕಬಳ್ಳಾಪುರ ತಾಲ್ಲೂಕು