ಮಾರ್ಚ್ ಡೇಟಿಗೆ ಇನ್ನೂ ಹೂಂ ಅನ್ಬೇಡ, ಪುಟ್ಟಿ

ಪುಟ್ಟಿ,

ಮೊನ್ನೆ ಫೋನ್ ಇಟ್ಟ ಮೇಲೆ ಎರಡು ರಾತ್ರಿ ನಿದ್ದೆ ಸರಿಯಾಗಿ ಬಂದಿಲ್ಲ, ಅದಕ್ಕೆ ಬರೀತಿದೀನಿ. ಫೋನಲ್ಲಾದ್ರೆ ನಾನು ಏನೋ ಹೇಳೋಕೆ ಹೋಗಿ ಇನ್ನೇನೋ ಹೇಳ್ತೀನಿ, ನೀನು "ಸರಿ ಬಿಡಮ್ಮ" ಅಂತ ಇಟ್ಬಿಡ್ತೀಯ.

"ಮಾರ್ಚಲ್ಲಿ ಡೇಟ್ ಖಾಲಿ ಇದೆಯಂತೆ, ತೂಕ ಇಳಿಸೋ ಆಪರೇಷನ್ನಿನ ರಿವಿಷನ್, ಅಂದ್ರೆ ಎರಡನೇ ಸಲದ್ದು, ಮಾಡಿಸ್ಕೊಂಡ್ಬಿಡ್ಲಾ, ಮೇ ತಿಂಗಳ ಮದುವೆ ಹೊತ್ತಿಗೆ ಸ್ವಲ್ಪ ಇಳಿದಿರ್ತೀನಿ" ಅಂದೆ. ನಾನು ಹೂಂ ಅನ್ಲಿಲ್ಲ, ಬೇಡ ಅಂತಾನೂ ಅನ್ಲಿಲ್ಲ. ಮದುವೆ ಅಂದ ತಕ್ಷಣ ನಂಗೆ ನೆನಪಾಗಿದ್ದು ದೀಪಾವಳಿ ದಿನ ನಾನಾಡಿದ ಮಾತು. ಅಡುಗೆಮನೇಲಿ ನಿನ್ನ ಚಿಕ್ಕಮ್ಮನ ಎದುರಿಗೇ "ಅಷ್ಟು ದುಡ್ಡು ಸುರಿದು ಹೊಟ್ಟೆ ಕೊಯ್ಸಿಕೊಂಡು ಮತ್ತೆ ಹಿಂಗಾದ್ಯಲ್ಲೇ" ಅಂದೆ. ನೀನು ಒಂದು ಮಾತೂ ಆಡ್ದೆ ಕೈಲಿದ್ದ ಹೋಳಿಗೆ ತಟ್ಟೆ ಕಟ್ಟೆ ಮೇಲಿಟ್ಟು ಹೊರಗೆ ಹೋದೆ. ತುಪ್ಪ ಹಾಕಿದ್ದು ಹಂಗೇ ಹೆಪ್ಪುಗಟ್ಟಿ ಬಿದ್ದಿತ್ತು ಸಂಜೆವರೆಗೂ. ನಂದು ತಪ್ಪು ಮಗಳೆ, ಕ್ಷಮಿಸು. ನೀನು ಆಪರೇಷನ್ ಮಾಡಿಸ್ಕೊಳ್ಳೋದೇ ಆದ್ರೆ ಆ ಮಾತು ನಿನ್ನ ತಲೇಲಿ ಇರಬಾರದು, ಮೊದಲು ಅದನ್ನ ತೆಗೆದುಹಾಕಿ ಆಮೇಲೆ ಯೋಚನೆ ಮಾಡು.

ಯಾಕಂದ್ರೆ ನಾನು ಹೇಳಿದ್ದು ನಿಜಾನೂ ಅಲ್ಲ. 2018ರ ಡಿಸೆಂಬರಲ್ಲಿ ಜಠರ ಸಣ್ಣ ಮಾಡೋ ಸ್ಲೀವ್ ಆಪರೇಷನ್ ಮಾಡಿಸಿದಾಗ ನೀನು 116 ಕೆಜಿ, ನಿದ್ದೇಲಿ ಉಸಿರು ನಿಲ್ಲದ ಹಂಗೆ ಮೂಗಿಗೆ ಸಿಪ್ಯಾಪ್ ಮಷಿನ್ ಹಾಕ್ಕೊಂಡು ಮಲಗ್ತಿದ್ದೆ, ಆ ಮಷಿನ್ ಅಟ್ಟದ ಮೇಲೆ ಹತ್ತಿದ್ದು ಇವತ್ತಿನವರೆಗೂ ಕೆಳಗಿಳಿದಿಲ್ಲ. 74ಕ್ಕೆ ಇಳಿದೆ, ಈಗ 93. ಹತ್ತೊಂಬತ್ತು ಕೆಜಿ ವಾಪಸ್ ಬಂತು ಅಂತ ಎಲ್ಲರೂ ಲೆಕ್ಕ ಹಾಕ್ತಾರೆ, ಇಪ್ಪತ್ಮೂರು ಕೆಜಿ ಏಳು ವರ್ಷ ಆದ್ರೂ ಬಂದಿಲ್ಲ ಅಂತ ಯಾರೂ ಹೇಳಲ್ಲ, ನಾನೂ ಹೇಳ್ಲಿಲ್ಲ. ಮೊದಲ ವಾರ ನೆನಪಿದ್ಯಾ, ಟಾನಿಕ್ ಬಾಟ್ಲಿ ಮುಚ್ಚಳದಲ್ಲಿ ಅಳೆದು ಅಳೆದು ತಿಳಿಸಾರು ಕುಡೀತಿದ್ದೆ, ಒಂದು ಮುಚ್ಚಳ ಮುಗಿಯೋಕೆ ಹದಿನೈದು ನಿಮಿಷ ಹಿಡೀತಿತ್ತು, ಅದನ್ನೆಲ್ಲ ಕಣ್ಣಾರೆ ನೋಡಿದೋಳು ನಾನೇ ಆ ಮಾತಂದೆ.

28 ವರ್ಷ ಪಿಯುಸಿ ಮಕ್ಕಳಿಗೆ ಜಠರದ ಚಿತ್ರ ಬೋರ್ಡ್ ಮೇಲೆ ಬರೆದೋಳಿಗೆ ಇಷ್ಟಾದ್ರೂ ಗೊತ್ತಿರ್ಬೇಕಿತ್ತು. ಸ್ಲೀವಲ್ಲಿ ಜಠರದ ಸುಮಾರು ಶೇ. 80 ಭಾಗ ತೆಗೆದು ಬಾಳೆಹಣ್ಣಿನಂಥ ಒಂದು ಕೊಳವೆ ಉಳಿಸ್ತಾರೆ, ಹಸಿವು ಎಬ್ಬಿಸೋ ಘ್ರೆಲಿನ್ ಜಾಸ್ತಿ ಹುಟ್ಟೋ ಮೇಲಿನ ಭಾಗಾನೂ ಹೋಗುತ್ತೆ, ಅದಕ್ಕೇ ಮೊದಲ ಒಂದು ವರ್ಷ ನಿಂಗೆ ಹಸಿವೇ ಗೊತ್ತಾಗ್ಲಿಲ್ಲ. ಆದ್ರೆ ದೇಹ ಕಳ್ಕೊಂಡ ತೂಕನ ವಾಪಸ್ ತರೋಕೆ ಪ್ರಯತ್ನ ಮಾಡ್ತಾನೇ ಇರುತ್ತೆ, ಕೊಳವೆ ವರ್ಷ ಕಳೆದಂಗೆ ಸ್ವಲ್ಪ ಹಿಗ್ಗಬಹುದು, ಇನ್ನೊಂದು ನಾನು ನಿನ್ನಲ್ಲೇ ನೋಡಿದ್ದು, ಜೋಳದ ರೊಟ್ಟಿ ಎರಡು ತುತ್ತಿಗೆ ಎದೇಲಿ ಸಿಕ್ಕಿಹಾಕ್ಕೊಳ್ಳುತ್ತೆ, ಅದೇ ಮಂಡಕ್ಕಿ ಒಂದು ತಟ್ಟೆ ಪೂರ್ತಿ ಸರಾಗವಾಗಿ ಇಳಿದುಬಿಡುತ್ತೆ, ಹೊಟ್ಟೆ ತುಂಬಿದ ಹಂಗೇ ಆಗಲ್ಲ. ಟೀಗೆ ಅದ್ದಿದ ಬಿಸ್ಕತ್ತೂ ಅಷ್ಟೇ. ನೋವಾಗದ ಊಟದ ಕಡೆಗೆ ನೀನು ಸರಿದೆ, ಯಾರಾದ್ರೂ ಸರೀತಾರೆ. ಒಂದು ವರ್ಷ ಆದ ಮೇಲೆ ಆಸ್ಪತ್ರೆಯಿಂದ ಒಂದು ಫೋನೂ ಬರಲಿಲ್ಲ, ಡಯೆಟಿಷಿಯನ್ ಕೆಲಸ ಬಿಟ್ಟು ಹೋದ್ರು, ಅವರ ಜಾಗಕ್ಕೆ ಬಂದೋರಿಗೆ ನಿನ್ನ ಹೆಸರೂ ಗೊತ್ತಿರಲಿಲ್ಲ. ಆಮೇಲೆ ಕೊರೋನಾ, ಮನೇಲೇ ಕೂತು ಹನ್ನೆರಡು ಹನ್ನೆರಡು ಗಂಟೆ ಕೆಲಸ. ಇಷ್ಟೆಲ್ಲ ಇಟ್ಕೊಂಡು ತಪ್ಪು ನಿಂದೊಬ್ಬಳದೇ ಅಂತ ಹೆಂಗನ್ಲಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಅದೇ ದೀಪಾವಳಿ ರಾತ್ರಿ ಎರಡು ಗಂಟೆಗೆ ಕೆಮ್ಮು ಕೇಳಿ ಎದ್ದು ಬಂದ್ರೆ ನೀನು ಹಾಲಲ್ಲಿ ಕತ್ತಲಲ್ಲಿ ಕುರ್ಚಿ ಮೇಲೆ ನೆಟ್ಟಗೆ ಕೂತಿದ್ದೆ, ಕೈಲಿ ನೀರಿನ ಲೋಟ. "ಹುಳಿ ಗಂಟಲಿಗೆ ಬಂತಮ್ಮ, ದಿನಾ ಇರೋದೇ" ಅಂದೆ. ದಿನಾ ಇರೋದೇ! ಬೆಳಿಗ್ಗೆ ನಿನ್ನ ಮಂಚ ನೋಡಿದ್ರೆ ನಾಕು ದಿಂಬು ಒಂದರ ಮೇಲೊಂದು. ಫೋನಲ್ಲಿ ತೂಕದ ಬಗ್ಗೆ ಅರ್ಧ ಗಂಟೆ ಮಾತಾಡಿದ್ಯಲ್ಲ, ಈ ನಾಕು ದಿಂಬಿನ ಸುದ್ದಿ ಒಂದು ಸಲನೂ ಎತ್ತಲಿಲ್ಲ. ನಂಗೆ ಭಯ ಇರೋದು ಅದರದ್ದೇ.

ಸ್ಲೀವ್ ಆದೋರಿಗೆ ಆಸಿಡ್ ರಿಫ್ಲಕ್ಸ್ ಬರೋದು ಅಪರೂಪ ಏನಲ್ಲ, ಆ ಸಣ್ಣ ಕೊಳವೇಲಿ ಒತ್ತಡ ಜಾಸ್ತಿ, ಮೇಲಕ್ಕೆ ತಳ್ಳುತ್ತೆ. ಫಿನ್ಲೆಂಡಲ್ಲಿ 240 ಜನರನ್ನ ಸ್ಲೀವ್ ಮತ್ತು ಬೈಪಾಸ್ (ಹೃದಯದ್ದಲ್ಲ, ಜಠರದ್ದು) ಅಂತ ಎರಡು ಗುಂಪು ಮಾಡಿ ಹತ್ತು ವರ್ಷ ಆದ ಮೇಲೆ ಎಂಡೋಸ್ಕೋಪಿ ಮಾಡಿ ನೋಡಿದಾಗ ಅನ್ನನಾಳದ ಉರಿಯೂತ ಸ್ಲೀವ್ ಆದೋರಲ್ಲಿ ಶೇ. 31, ಬೈಪಾಸ್ ಆದೋರಲ್ಲಿ ಶೇ. 7 ಇತ್ತು. ವರ್ಷಗಟ್ಟಲೆ ಆಸಿಡ್ ಬಿದ್ದು ಬಿದ್ದು ಅನ್ನನಾಳದ ಒಳಪದರಾನೇ ಬದಲಾಗೋದಕ್ಕೆ ಬ್ಯಾರೆಟ್ಸ್ ಅಂತಾರೆ, ಮುಂದೆ ಅದು ಕ್ಯಾನ್ಸರ್ ಕಡೆಗೆ ಹೋಗೋ ಸಾಧ್ಯತೆ ಇರೋದು, ಕೆಲವರಿಗೆ ಎದೆಯುರಿನೇ ಇಲ್ದೆ ಒಳಗೊಳಗೇ ಆಗಿರುತ್ತೆ. ಏಳು ವರ್ಷದಲ್ಲಿ ನಿಂಗೆ ಒಂದು ಸಲನೂ ಸ್ಕೋಪ್, ಅದೇ ಎಂಡೋಸ್ಕೋಪಿ, ಆಗಿಲ್ಲ. ಹಂಗಿದ್ದಾಗ ಒಳಗೆ ಏನಿದೆ ಅಂತ ನೋಡದೆ ಮಾರ್ಚ್ ಡೇಟ್ ಹೆಂಗೆ ಕೊಟ್ರು ಅವರು?

ಯಾಕೆ ಕೇಳ್ತಿದೀನಿ ಅಂದ್ರೆ, ಯಾವ ಆಪರೇಷನ್ ಅನ್ನೋದೇ ಅದರ ಮೇಲೆ ನಿಂತಿರೋದು. ತೂಕ ಒಂದೇ ಆದ್ರೆ ನಾಕಾರು ದಾರಿ ಇದೆ. ರಿಫ್ಲಕ್ಸ್ ಜೋರಾಗಿದ್ರೆ ಸ್ಲೀವನ್ನೇ ಇನ್ನೊಂದು ಸಲ ಸಣ್ಣ ಮಾಡೋದು ಉರಿಯೋ ಬೆಂಕಿಗೆ ತುಪ್ಪ ಸುರಿದಂಗೆ, ಕರುಳನ್ನ ಒಂದೇ ಕಡೆ ಜೋಡಿಸೋ ಮಿನಿ ಬೈಪಾಸಲ್ಲಿ ಪಿತ್ತ ಮೇಲೆ ಬರೋ ಚಿಂತೆ ಇದೆ, ಅದಕ್ಕೇ ಸಾಮಾನ್ಯವಾಗಿ ರೂ-ಎನ್-ವೈ ಬೈಪಾಸ್ ಹೇಳ್ತಾರೆ, 30 ಎಂಎಲ್ ಅಷ್ಟರ ಪುಟ್ಟ ಚೀಲ ಮಾಡಿ ಅದಕ್ಕೆ ಸಣ್ಣ ಕರುಳನ್ನ ತಂದು ಜೋಡಿಸೋದು. ನಿಂಗೆ ಹೇಳಿದ ಪ್ಯಾಕೇಜು ಇದರಲ್ಲಿ ಯಾವುದು ಅಂತ ಕೇಳಿದ್ರೆ "ಅಲ್ಲಿ ಹೋದಾಗ ಹೇಳ್ತಾರಂತೆ" ಅಂದ್ಯಲ್ಲ ಪುಟ್ಟಿ, ಸೀರೆ ತಗೋಳೋವಾಗ್ಲೂ ನೀನು ಹಿಂಗೆ ಮಾಡಲ್ಲ.

ಎರಡನೇ ಸಲ ಅಂದ್ರೆ ಮೊದಲಿನಂತಲ್ಲ ಅನ್ನೋದೂ ಗೊತ್ತಿರಲಿ. ಒಳಗೆ ಹಳೇ ಗಾಯ ಅಂಟ್ಕೊಂಡಿರುತ್ತೆ, ಹೊಲಿದ ಜಾಗ ಲೀಕ್ ಆಗೋದು, ರಕ್ತಸ್ರಾವ, ಇವುಗಳ ರಿಸ್ಕ್ ಮೊದಲನೇದಕ್ಕಿಂತ ಜಾಸ್ತಿ, ಇಳಿಯೋ ತೂಕ ಸಾಮಾನ್ಯವಾಗಿ ಕಮ್ಮಿ. ಮೊದಲ ಸಲದಂಗೆ 42 ಕೆಜಿ ಕನಸು ಇಟ್ಕೊಂಡು ಹೋದ್ರೆ ಆಮೇಲೆ ಮತ್ತೆ ಅಳ್ತೀಯ. ಬೈಪಾಸ್ ಆದ ಮೇಲೆ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಜೀವನಪರ್ಯಂತ ನುಂಗ್ಬೇಕು, ಈಗ್ಲೇ ನೀನು ಎರಡು ವರ್ಷದಿಂದ ಬಿಟ್ಟಿದೀಯ, ಕಾಲು ಜುಮ್ಮು ಅಂತೀಯಲ್ಲ ಅದಕ್ಕೆ ಬಿ12 ನೋಡಿಸಿದ್ಯಾ? ಮುಟ್ಟಿನ ನೋವಿಗೆ ಬ್ರೂಫೆನ್ ನುಂಗ್ತೀಯಲ್ಲ, ಅದೂ ಬಂದ್ ಆಗುತ್ತೆ, ಹೊಲಿಗೆ ಹಾಕಿದ ಜಾಗದಲ್ಲಿ ಹುಣ್ಣಾಗಬಹುದು.

ಮೌಂಜಾರೊ ಇಂಜೆಕ್ಷನ್ ಅಂತ ಅಳಿಯಂದ್ರು ಹೇಳಿದ್ರು. 2025ರ ಮಾರ್ಚಲ್ಲಿ ಇಲ್ಲಿಗೆ ಬಂತು, ತೂಕ ಇಳಿಸುತ್ತೆ ಅನ್ನೋದು ನಿಜ, ತೂಕ ಮಾತ್ರ ವಾಪಸ್ ಬಂದೋರಿಗೆ ಮತ್ತೆ ಕತ್ತರಿ ಹಾಕಿಸ್ಕೊಳ್ಳೋ ಮೊದಲು ಡಾಕ್ಟರು ಈಗ ಇದನ್ನೂ ಯೋಚನೆ ಮಾಡ್ತಾರೆ. ಆದ್ರೆ ನಿಲ್ಲಿಸಿದ್ರೆ ತೂಕ ತಿರುಗಿ ಬರುತ್ತೆ, ಜಠರ ಖಾಲಿ ಆಗೋದನ್ನ ನಿಧಾನ ಮಾಡುತ್ತಾದ್ರಿಂದ ನಿನ್ನಂಥೋಳಿಗೆ ಹುಳಿ ಇನ್ನೂ ಹೆಚ್ಚಾಗಬಹುದು. ಡಾಕ್ಟರನ್ನೇ ಕೇಳು, ನಾನು ಡಾಕ್ಟರಲ್ಲ.

ಇನ್ನೊಂದು, ಇದನ್ನ ಕೇಳೋಕೆ ನಂಗೇ ಸಂಕೋಚ. ಮುಂದಿನ ವರ್ಷ ಮಗು ಬೇಕು ಅಂತ ನೀವಿಬ್ರೂ ಅಂದ್ಕೊಂಡಿದೀರ ಅಂತ ನೀನೇ ಹೇಳಿದ್ದೆ. ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಬಸುರಿ ಆಗಬಾರದು ಅಂತಾರೆ. ಇಂಜೆಕ್ಷನ್ನೂ ಬಸುರಿ ಆಗೋ ಮೊದಲೇ ನಿಲ್ಲಿಸ್ಬೇಕು. ನಿಂಗೀಗ 33. ಮಗು ಮೊದಲಾ ಆಪರೇಷನ್ ಮೊದಲಾ ಅನ್ನೋದು ನೀವಿಬ್ರೂ ಕೂತು ಮಾತಾಡೋ ವಿಷಯ, ಹೆರಿಗೆ ಡಾಕ್ಟರನ್ನೂ ಒಂದು ಮಾತು ಕೇಳಿ. ನಾನು ಯಾವ ಕಡೆಗೂ ಒತ್ತಾಯ ಮಾಡಲ್ಲ, ಮೊಮ್ಮಗು ಅಂತ ಒಂದು ಸಲನೂ ಬಾಯಿ ಬಿಡಲ್ಲ, ಮಾತು ಕೊಡ್ತೀನಿ.

ನನ್ನ ಮನಸ್ಸಿಗೆ ಬಂದಿದ್ದು ಹೇಳ್ಲಾ? ಸ್ಕೋಪಲ್ಲಿ ಅನ್ನನಾಳ ಕೆಟ್ಟಿದೆ, ಮಾತ್ರೆಗೆ ಬಗ್ಗಲ್ಲ ಅಂದ್ರೆ ಮಾಡಿಸ್ಕೊ, ತೂಕ ಒಂದು ಕೆಜಿ ಇಳೀದೇ ಇದ್ರೂ ಪರವಾಗಿಲ್ಲ, ರಾತ್ರಿ ಒಂದೇ ದಿಂಬಿನ ಮೇಲೆ ಮಲಗೋ ಹಂಗಾದ್ರೆ ನಂಗೆ ಸಾಕು. ಒಳಗೆಲ್ಲ ಸರಿ ಇದೆ ಅಂದ್ರೆ ಮೂರು ತಿಂಗಳು ತಡಿ, ಒಳ್ಳೆ ಡಯೆಟಿಷಿಯನ್ ಹಿಡಿ, ದಿನಕ್ಕೆ 60 ಗ್ರಾಂ ಪ್ರೋಟೀನ್ ಬೀಳ್ತಾ ಇದ್ಯಾ ನೋಡ್ಕೊ, ಕಾಳು ಮೊಟ್ಟೆ ಪನೀರ್ ಯಾವುದಾದ್ರೂ ಸರಿ, ಥೈರಾಯ್ಡ್ ನೋಡಿಸು, ರಕ್ತದಲ್ಲಿ ಕಮ್ಮಿ ಇರೋದನ್ನ ತುಂಬಿಸ್ಕೊ, ಆಮೇಲೂ ಬೇಕು ಅನ್ನಿಸಿದ್ರೆ ನಾನೇ ಜೊತೇಲಿ ಬಂದು ಸೈನ್ ಹಾಕ್ತೀನಿ. ಮೇ ತಿಂಗಳ ಮದುವೆಗೆ ಇರೋ ಮೈಯಲ್ಲೇ ಹೋಗೋಣ. ಯಾರಾದ್ರೂ ಏನಾದ್ರೂ ಅಂದ್ರೆ ಈ ಸಲ ನಾನು ನಿನ್ನ ಕಡೆ ನಿಂತಿರ್ತೀನಿ.

ಇನ್ಶೂರೆನ್ಸಿನವರಿಗೆ ಮೊದಲೇ ಮೇಲ್ ಮಾಡಿ ಬರವಣಿಗೇಲಿ ಉತ್ತರ ತಗೊ. ನಿನ್ನ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) ಈಗ 36 ಚಿಲ್ಲರೆ, 40ಕ್ಕಿಂತ ಕಮ್ಮಿ ಇದ್ರೆ ಹೃದಯದ ತೊಂದ್ರೆ, ಹತೋಟಿಗೆ ಬರದ ಶುಗರ್, ನಿದ್ದೇಲಿ ಉಸಿರು ನಿಲ್ಲೋ ತೀವ್ರ ಸ್ಲೀಪ್ ಅಪ್ನಿಯ ಇಂಥದ್ದು ಇರ್ಬೇಕು ಅಂತಾರೆ ಅವರು, ರಿಫ್ಲಕ್ಸ್ ಅಂದ್ರೆ ಏನನ್ನುತ್ತಾರೋ ಕೇಳು.

ನಿನ್ನ ಹಳೇ ಫೈಲು ನನ್ನ ಗಾದ್ರೇಜ್ ಬೀರುವಲ್ಲಿದೆ, ಇವತ್ತು ತೆಗೆದು ನೋಡಿದೆ. 2018ರ ಆಪರೇಷನ್ ನೋಟ್ ಇದೆ, ಎಷ್ಟು ದಪ್ಪದ ಟ್ಯೂಬ್ ಇಟ್ಟು ಹೊಲಿದ್ರು ಅಂತಾನೂ ಬರೆದಿದೆ, ಡಿಸ್ಚಾರ್ಜ್ ಸಮ್ಮರಿ ಇದೆ. ಹೊಸ ಡಾಕ್ಟರು ಮೊದಲು ಕೇಳೋದೇ ಅದನ್ನ, ಅದಿಲ್ದೆ ಯಾರ ಹತ್ರಾನೂ ಹೋಗ್ಬೇಡ. ಕೊರಿಯರ್ ಮಾಡೋಕೆ ಮನಸ್ಸಿಲ್ಲ, ಕಳೆದುಹೋದ್ರೆ ಕಷ್ಟ. ಸ್ಕೋಪ್ ಯಾವತ್ತು ಅಂತ ಹೇಳು, ಹಿಂದಿನ ದಿನದ ಜನಶತಾಬ್ದಿಗೆ ಫೈಲ್ ಹಿಡ್ಕೊಂಡು ನಾನೇ ಬರ್ತೀನಿ, ಸ್ಟೇಷನ್ನಿಗೆ ಬರೋದೇನೂ ಬೇಡ, ಮೆಟ್ರೋ ಹತ್ತಿ ಬರೋದು ಗೊತ್ತು ನಂಗೆ.

ಅಮ್ಮ