ಅದು ಮೂಲವ್ಯಾಧಿಯೆಂದು ತೀರ್ಮಾನಿಸುವ ಮೊದಲು

ಉಡುಪಿ

ಪ್ರೀತಿಯ ಗೆಳೆಯ,

ನಿನ್ನ ತಂದೆಯವರಿಗೆ ಮಲದಲ್ಲಿ ಮತ್ತೆ ರಕ್ತ ಕಾಣಿಸಿಕೊಂಡಿದೆ, ಮೂಲವ್ಯಾಧಿಯಿರಬೇಕೆಂದು ಮುಲಾಮು ಹಚ್ಚುತ್ತಿದ್ದೇವೆ ಎಂದು ನೀನು ಫೋನಿನಲ್ಲಿ ಹೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗೆ ಅವರಿಗೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿ ಒಂದೂವರೆ ವರ್ಷವಾಯಿತಲ್ಲವೇ? ಆ ವಿಷಯವನ್ನು ಈಗ ನೋಡುತ್ತಿರುವ ವೈದ್ಯರಿಗೆ ತಿಳಿಸಿದ್ದೀರಾ?

ಇದನ್ನೇಕೆ ಕೇಳುತ್ತಿದ್ದೇನೆಂದರೆ, ಅಮ್ಮನ ವಿಷಯದಲ್ಲಿ ನಾವು ಎಂಟು ತಿಂಗಳು ಕಳೆದುಕೊಂಡೆವು. ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮುಗಿದು ಎರಡು ವರ್ಷವಾಗಿತ್ತು. ರಕ್ತ ಕಂಡಾಗ ಉಷ್ಣವೆಂದುಕೊಂಡು ಎಳನೀರು, ಪುನರ್ಪುಳಿ ಪಾನಕ ಕೊಟ್ಟೆವು. ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಮೂಲವ್ಯಾಧಿಯೆಂದರು. ದಿನವೂ ರಥಬೀದಿಗೆ ನಡೆದು ಹೋಗುತ್ತಿದ್ದ ಅಮ್ಮ, ದಾರಿಯಲ್ಲಿ ಅವಸರವಾದರೆ ಏನು ಮಾಡುವುದೆಂಬ ಭಯದಿಂದ ಮನೆಯ ಮೆಟ್ಟಿಲು ಇಳಿಯುವುದನ್ನೇ ಬಿಟ್ಟರು. ಕರೆಂಟಿನ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ, ಮುಗಿದ ಸಂಗತಿಯೆಂದು ನಾವೂ ಹೇಳಲಿಲ್ಲ.

ಚಿಕಿತ್ಸೆಯ ವಾರಗಳಲ್ಲಿ ಆಗುವ ಭೇದಿ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತಗ್ಗುತ್ತದೆ. ತಡವಾಗಿ ಬರುವ ಹಾನಿ ಬೇರೆಯೇ. ಕರುಳಿನ ಗೋಡೆಯ ಸಣ್ಣ ರಕ್ತನಾಳಗಳು ನಿಧಾನವಾಗಿ ಕಿರಿದಾಗಿ ಮುಚ್ಚಿಕೊಳ್ಳುತ್ತವೆ, ರಕ್ತ ಸಾಲದೆ ಗೋಡೆ ಗಡುಸಾಗುತ್ತದೆ, ಒಳಪೊರೆಯ ಮೇಲೆ ಹಿಗ್ಗಿದ ತೆಳು ನಾಳಗಳು ಜೇಡರ ಬಲೆಯಂತೆ ಹರಡಿ ಮಲ ತಾಗಿದಷ್ಟಕ್ಕೇ ರಕ್ತ ಒಸರುತ್ತವೆ. ಇದು ತಿಂಗಳುಗಳ ನಂತರ ಬರಬಹುದು, ಹಲವು ವರ್ಷಗಳ ನಂತರವೂ ಬರಬಹುದು.

ಇದನ್ನು ಖಚಿತಪಡಿಸುವ ಒಂದೇ ಒಂದು ರಕ್ತಪರೀಕ್ಷೆಯಿಲ್ಲ. ಹಿಮೋಗ್ಲೋಬಿನ್ ಎಷ್ಟು ಇಳಿದಿದೆ, ಮಲದಲ್ಲಿ ಸೋಂಕಿದೆಯೇ ಎಂದು ನೋಡಿ, ಬಳಿಕ ಕೊಲೊನೋಸ್ಕೋಪಿಯಲ್ಲಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ಕೊಳವೆ ಇಳಿಸಿ, ಕಣ್ಣಾರೆ ಕಾಣಬೇಕು. ಕರೆಂಟು ಕೊಟ್ಟದ್ದರಿಂದಲೇ ಹೀಗಾಗಿದೆ ಎಂದು ಸ್ಕೋಪಿಯಿಲ್ಲದೆ ನಂಬುವುದೂ ತಪ್ಪು, ಏಕೆಂದರೆ ಕರುಳಿನಲ್ಲಿ ಹೊಸ ಗಡ್ಡೆಯಿದ್ದರೂ ರಕ್ತ ಹೀಗೆಯೇ ಹೋಗುತ್ತದೆ.

ನಿನ್ನ ತಂದೆಯವರ ವಿಷಯದಲ್ಲಿ ಒಂದು ಎಚ್ಚರಿಕೆ ಅತಿ ಮುಖ್ಯ. ಗುದನಾಳದ ಮುಂಗೋಡೆ ಪ್ರಾಸ್ಟೇಟಿಗೆ ತಾಗಿಕೊಂಡೇ ಇರುವುದರಿಂದ ವಿಕಿರಣ ಹೆಚ್ಚು ಬಿದ್ದಿರುವುದು ಅಲ್ಲಿಯೇ. ಅಲ್ಲಿಂದ ಬಯಾಪ್ಸಿಗೆ ಚೂರು ತೆಗೆದರೆ ಗಾಯ ಮಾಯದೆ ತೂತಾಗುವ ಅಪಾಯವಿದೆ. ತಿಳಿದ ವೈದ್ಯರು ಅನೇಕ ಸಲ ನೋಟದಿಂದಲೇ ಗುರುತಿಸುತ್ತಾರೆ, ಅನಿವಾರ್ಯವಾದರೆ ಮಾತ್ರ ಚೂರು ತೆಗೆಯುತ್ತಾರೆ. ಆದರೆ ಕರೆಂಟು ಕೊಟ್ಟ ವಿಷಯವೇ ಅವರಿಗೆ ಗೊತ್ತಿಲ್ಲದಿದ್ದರೆ ಈ ಎಚ್ಚರ ಎಲ್ಲಿಂದ ಬರಬೇಕು?

ಅಮ್ಮನ ಸ್ಕೋಪಿಯಲ್ಲಿ ರಕ್ತದ ಮೂಲ ಸಿಕ್ಕಿತು, ಜೊತೆಗಿದ್ದ ಭೇದಿಗೆ ಕಾರಣ ಸಿಗಲಿಲ್ಲ. ಸಣ್ಣ ಕರುಳಿನ ಕೊನೆಯ ಭಾಗಕ್ಕೂ ವಿಕಿರಣ ತಾಗಿದ್ದರಿಂದ ಪಿತ್ತದ ಆಮ್ಲ ಹೀರಲ್ಪಡದೆ ದೊಡ್ಡ ಕರುಳಿಗೆ ಇಳಿದು ಭೇದಿಯಾಗುತ್ತಿತ್ತು, ಆ ಭಾಗಕ್ಕಾದ ಹಾನಿಯಿಂದಲೇ ಬಿ12 ಜೀವಸತ್ವ ಕೂಡ ಕಡಿಮೆಯಾಗಿತ್ತು ಎಂಬುದು ಮತ್ತೊಬ್ಬ ತಜ್ಞರು ನೋಡಿದ ಮೇಲೆ ತಿಳಿಯಿತು. ಕಾರಣ ತಿಳಿದ ಮೇಲೆ ಔಷಧಿ ಸಿಕ್ಕಿತು. ಈಗ ಅಮ್ಮ ಮತ್ತೆ ರಥಬೀದಿಗೆ ಹೋಗುತ್ತಿದ್ದಾರೆ.

ಆದುದರಿಂದ ಕರೆಂಟು ಕೊಟ್ಟ ಆಸ್ಪತ್ರೆಯಿಂದ ಚಿಕಿತ್ಸೆಯ ವಿವರಪತ್ರ ತರಿಸಿಕೋ. ಒಟ್ಟು ಎಷ್ಟು ಗ್ರೇ (ವಿಕಿರಣದ ಅಳತೆ), ಎಷ್ಟು ಸಲ, ಯಾವ ಭಾಗಕ್ಕೆ, ಯಾವಾಗ ಮುಗಿಯಿತು ಎಂಬುದೆಲ್ಲ ಅದರಲ್ಲಿರಬೇಕು. ಅದನ್ನು ಫೈಲಿನ ಮೇಲೆಯೇ ಇಡು. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳು. ಸ್ಕೋಪಿಯ ದಿನ ಗೊತ್ತಾದೊಡನೆ ತಿಳಿಸು, ಬೆಳಗ್ಗಿನ ಮೊದಲ ಎಕ್ಸ್‌ಪ್ರೆಸ್ ಬಸ್ಸಿಗೆ ಮಂಗಳೂರಿಗೆ ಬರುತ್ತೇನೆ.

ಇಂತಿ,
ನಿನ್ನ ಗೆಳೆಯ